ಕಿಲೋಮೀಟರಿಗಿಷ್ಟು ಅಂತ ದುಡ್ಡು ಕೇಳಬೇಡಿ

ನಮಸ್ಕಾರ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸೈಕಲ್ ತುಳಿದು, ಅದೇ ದಿನ ವಾಪಸ್. ಹತ್ತಿರ ಹತ್ತಿರ 120 ಕಿಲೋಮೀಟರ್. ಶಾಲೆಗೋ, ಯಾರದೋ ಡಯಾಲಿಸಿಸ್ ಖರ್ಚಿಗೋ ದುಡ್ಡು ಎತ್ತೋ ಸವಾರಿ. "ನಾನು ತುಳಿಯೋ ಒಂದೊಂದು ಕಿಲೋಮೀಟರಿಗೂ ಹತ್ತು ರೂಪಾಯಿ ಕೊಡಿ" ಅಂತ ವಾಟ್ಸಾಪಲ್ಲಿ ಹಾಕ್ತಾರೆ. ಕೇಳೋಕೆ ಚೆಂದ. ಆದರೆ ಮೊದಲ ಸಲ ಹೊರಡೋರು ಈ ಕರಾರಿಗೆ ಕೈ ಹಾಕಲೇಬಾರದು.

ಲೆಕ್ಕ ನೋಡ್ರಿ. 80ನೇ ಕಿಲೋಮೀಟರಲ್ಲಿ ಮೊಣಕಾಲು ಹಿಡೀತು. ಬೇರೆ ದಿನ ಆಗಿದ್ರೆ ಇಳಿದು ಲಗೇಜ್ ಆಟೋ ಹತ್ತಿಸ್ತೀರಿ. ಇವತ್ತು ಬಾಕಿ 40 ಕಿಲೋಮೀಟರ್ ಅಂದ್ರೆ ಒಬ್ಬ ದಾನಿಯ 400 ರೂಪಾಯಿ, 50 ದಾನಿಗಳಿದ್ರೆ 20,000. ಅಷ್ಟು ದುಡ್ಡು ಕಣ್ಣ ಮುಂದೆ ಕುಣೀತಾ ಇದ್ರೆ ಯಾರು ಇಳೀತಾರೆ? ನೋವಲ್ಲೇ ತುಳೀತಾರೆ, ಆಮೇಲೆ ತಿಂಗಳುಗಟ್ಟಲೆ ಮೆಟ್ಟಿಲು ಹತ್ತೋಕೂ ಕಷ್ಟ. ಅದಕ್ಕೇ ಕೊಡೋದನ್ನ ಇಡಿಯಾಗಿ, ಹೊರಡೋದಕ್ಕೆ ಮುಂಚೆ, ನೇರ ಸಂಸ್ಥೆಯ ಖಾತೆಗೆ ಹಾಕಿಸಿ. ನಿಮ್ಮ ಫೋನ್ ನಂಬರಿನ ಕ್ಯೂಆರ್ ಕೋಡ್ ಕಳಿಸಬೇಡಿ, ಸಂಸ್ಥೆಯದ್ದು ಕಳಿಸಿ. ತೆರಿಗೆ ವಿನಾಯಿತಿಯ ರಸೀದಿ ಬೇಕು ಅನ್ನೋರ ಪ್ಯಾನ್ ನಂಬರ್ ಆಗಲೇ ತಗೊಳ್ಳಿ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ರೆ ಆ ವಿನಾಯಿತಿ ಸಿಗಲ್ಲ, ಅದನ್ನೂ ಮೊದಲೇ ಹೇಳಿಬಿಡಿ. ಇನ್ನು ಟೀ ಶರ್ಟು, ಬ್ಯಾನರು, ಡ್ರೋನ್ ವಿಡಿಯೋ ಎಲ್ಲ ಸವಾರರ ಜೇಬಿಂದ. ದಾನದ ದುಡ್ಡಲ್ಲಿ ಟೀ ಶರ್ಟ್ ಹೊಲಿಸೋದು ದಾನ ಅಲ್ಲ.

ಈಗ ಸವಾರಿ. ನಮ್ಮ ಕಡೆ ಮೊದಲು ನೋಡಬೇಕಾದ್ದು ಗಾಳಿ. ದುರ್ಗ ಇರೋದು ದಾವಣಗೆರೆಯಿಂದ ಪೂರ್ವಕ್ಕೆ, ಸ್ವಲ್ಪ ದಕ್ಷಿಣಕ್ಕೆ ವಾಲಿ. ಜೂನಿಂದ ಸೆಪ್ಟೆಂಬರ್ ತನಕ ಗಾಳಿ ಪಶ್ಚಿಮದ ಕಡೆಯಿಂದ. ಹೋಗುವಾಗ ಬೆನ್ನಿಗೆ ತಳ್ಳುತ್ತೆ, "ಅರೆ, ನನಗೆ ಇಷ್ಟು ಶಕ್ತಿ ಇತ್ತಾ" ಅನ್ಸುತ್ತೆ. ವಾಪಸ್ ಬರುವಾಗ ಅದೇ ಗಾಳಿ ಎದೆಗೆ. ಗಂಟೆಗೆ 18 ಕಿಲೋಮೀಟರಲ್ಲಿ ಹೋಗ್ತಾ ಇದ್ದಾಗ ಎದುರು ಗಾಳಿ 12 ಇದ್ರೆ, ಮೈಗೆ ತಾಗೋ ಗಾಳಿಯ ವೇಗ 30. ಗಾಳಿಯ ತಡೆ ವೇಗವನ್ನ ವೇಗದಿಂದಲೇ ಗುಣಿಸಿದ ಲೆಕ್ಕದಲ್ಲಿ ಏರುತ್ತೆ, ಅಂದ್ರೆ ಗಾಳಿ ಇಲ್ಲದಾಗಿನ ಎರಡೂ ಮುಕ್ಕಾಲು ಪಟ್ಟು. ಮೊದಲ ಸವಾರಿಗೆ ನವೆಂಬರಿಂದ ಜನವರಿ ವಾಸಿ. ಆಗ ಗಾಳಿ ಹೆಚ್ಚಾಗಿ ಪೂರ್ವದ್ದು, ಕಾಲಲ್ಲಿ ಕಸುವಿರುವಾಗ ಎದುರಿಗೆ, ಸೋತಾಗ ಬೆನ್ನಿಗೆ. ದುರ್ಗದ ಗುಡ್ಡದ ಗಾಳಿಯಂತ್ರಗಳ ಕಡೆ ಒಮ್ಮೆ ನೋಡಿ. ರೆಕ್ಕೆ ಯಾವ ಕಡೆ ಮುಖ ಮಾಡಿರುತ್ತೋ ಗಾಳಿ ಆ ಕಡೆಯಿಂದ. ಇನ್ನೊಂದು, ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ದುರ್ಗ 730ರ ಹತ್ತಿರ. ಹೋಗೋ ದಾರಿ ನಿಧಾನಕ್ಕೆ ಏರ್ತಾನೇ ಇರುತ್ತೆ, ಕಣ್ಣಿಗೆ ಕಾಣಲ್ಲ, ತೊಡೆಗೆ ಗೊತ್ತಾಗುತ್ತೆ.

ತಯಾರಿಗೆ ಎಂಟು ವಾರ ಇಟ್ಕೊಳ್ಳಿ. ಭಾನುವಾರದ ಉದ್ದ ಸವಾರಿ 30, 38, 46, ಆಮೇಲೆ ಒಂದು ವಾರ ಇಳಿಸಿ 35, ಮತ್ತೆ 60, 75, 90, ಕೊನೇ ವಾರ ಬರೀ 30. ವಾರದ ಮಧ್ಯೆ ಎರಡು ದಿನ ಒಂದೊಂದು ಗಂಟೆ. 120 ಅನ್ನು ಮೊದಲೇ ತುಳಿದು ನೋಡೋ ಅಗತ್ಯ ಇಲ್ಲ, 90 ಆದವರಿಗೆ ಅದು ಆಗುತ್ತೆ.

ಸೀಟಿನ ಎತ್ತರ: ಸೀಟಲ್ಲಿ ಕೂತು ಹಿಮ್ಮಡಿಯನ್ನ ಪೆಡಲ್ ಮೇಲಿಟ್ಟು ಕೆಳಕ್ಕೆ ತನ್ನಿ. ಕಾಲು ಪೂರ್ತಿ ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದ್ರೆ ಮಂಡಿ ಬೇಕಾದಷ್ಟೇ ಬಾಗುತ್ತೆ. ಸೀಟು ತಗ್ಗಿದ್ರೆ ಮೊಣಕಾಲಿನ ಮುಂದೆ ನೋವು, ಎತ್ತರ ಆದ್ರೆ ಹಿಂದೆ. ಮೆತ್ತನೆ ಜೆಲ್ ಕವರ್ ಹಾಕಿಸ್ಕೊಂಡು ಖುಷಿ ಪಡಬೇಡಿ. ಅರ್ಧ ಗಂಟೆ ಹಾಯಾಗಿರುತ್ತೆ, ಆಮೇಲೆ ಮೂಳೆ ಅದರೊಳಗೆ ಹೂತು ನಡುವಿನ ಮೆದುಭಾಗವನ್ನೇ ಒತ್ತುತ್ತೆ. ಪ್ಯಾಡ್ ಇರೋ ಚಡ್ಡಿ ಸಾಕು, ಅದರ ಒಳಗೆ ಇನ್ನೇನೂ ಹಾಕಬಾರದು, ಹೊಲಿಗೆ ಉಜ್ಜಿ ಚರ್ಮ ಸುಲಿಯುತ್ತೆ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದ್ರೆ ಹ್ಯಾಂಡಲ್ ಮೇಲೆ ಭಾರ ಹೆಚ್ಚಾಗಿದೆ ಅಂತ, ಹಿಡಿತ ಬದಲಾಯಿಸ್ತಾ ಇರಿ.

ಇನ್ನು ಪಂಚರ್. ನಮ್ಮ ದಾರೀಲಿ ಇದಕ್ಕೆ ಮೂರು ಕಾರಣ. ರಸ್ತೆ ಬದಿಯ ಬಳ್ಳಾರಿ ಜಾಲಿ ಮುಳ್ಳು, ಮಣ್ಣಂಚಿನ ನೆಗ್ಗಿಲು ಮುಳ್ಳು, ಮತ್ತೆ ಲಾರಿ ಟೈರ್ ಸಿಡಿದಾಗ ಉದುರೋ ಕೂದಲೆಳೆಯಂಥ ತಂತಿ ಚೂರು. ಹೊಸಬರು ಟ್ಯೂಬ್ ಬದಲಾಯಿಸಿ ಗಾಳಿ ತುಂಬಿ ಹೊರಡ್ತಾರೆ, ಒಂದು ಕಿಲೋಮೀಟರಲ್ಲಿ ಮತ್ತೆ ಚಪ್ಪಟೆ. ಮುಳ್ಳು ಟೈರಲ್ಲೇ ಉಳಿದಿತ್ತು. ಟೈರಿನ ಒಳಗೆ ಹತ್ತಿ ಬಟ್ಟೆ ಎಳೀರಿ, ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲಿದೆ ಕಳ್ಳ. ಟ್ಯೂಬಲ್ಲಿ ಜೋಡಿ ತೂತು ಅಕ್ಕಪಕ್ಕ ಕಂಡ್ರೆ ಮುಳ್ಳಲ್ಲ, ಗಾಳಿ ಕಮ್ಮಿ ಇದ್ದು ಗುಂಡಿಯಂಚಿಗೆ ಬಡಿದದ್ದು. ಪ್ಯಾಚ್ ಹಾಕೋದಾದ್ರೆ ಸೊಲ್ಯೂಷನ್ ಸವರಿ ಮೂರ್ನಾಲ್ಕು ನಿಮಿಷ ಒಣಗಲು ಬಿಡಿ, ಹಸಿಯಲ್ಲೇ ಅಂಟಿಸಿದ್ರೆ ಎದ್ದು ಬರುತ್ತೆ. ಎರಡು ಟ್ಯೂಬು, ಪ್ಯಾಚು, ಮೂರು ಟೈರ್ ಲಿವರ್, ಕೈಪಂಪು, ಇಷ್ಟು ಜೊತೆಗಿರಲಿ. ಸಪೂರ ಪ್ರೆಸ್ಟಾ ವಾಲ್ವ್ ಇರೋರಿಗೆ ಹೆದ್ದಾರಿ ಪಂಚರ್ ಅಂಗಡಿಯ ಗಾಳಿ ಪೈಪು ಹಿಡಿಯಲ್ಲ, ಸಣ್ಣ ಹಿತ್ತಾಳೆ ಅಡಾಪ್ಟರ್ ಬೇಕು. ಕೆಲವೇ ರೂಪಾಯಿಯ ಸಾಮಾನು, ಬಹಳ ಜನ ಮರೆಯೋದು ಇದನ್ನೇ.

ರಸ್ತೆ ವಿಷಯ: ಸಿಕ್ಕಲ್ಲೆಲ್ಲ ಸರ್ವಿಸ್ ರಸ್ತೇಲಿ ಹೋಗಿ, ಆದರೆ ಎದುರು ದಿಕ್ಕಿಂದ ಬರೋ ಬೈಕು, ಟ್ರ್ಯಾಕ್ಟರ್ ಇದ್ದೇ ಇರುತ್ತೆ ಅಂದ್ಕೊಂಡು ಹೋಗಿ. ಸುಗ್ಗಿ ಟೈಮಲ್ಲಿ ಅಲ್ಲೇ ಮೆಕ್ಕೆಜೋಳ ಹರವಿರ್ತಾರೆ. ಕಾಳು ಟೈರಿನ ಕೆಳಗೆ ಗೋಲಿ ಥರ ಉರುಳುತ್ತೆ. ಅದರ ಮೇಲೆ ಬ್ರೇಕ್ ಹಾಕಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ಮೊದಲೇ ನಿಧಾನ ಮಾಡಿ ಸುತ್ತಿಕೊಂಡು ಹೋಗಿ. ರೈತರನ್ನ ಬೈಯೋ ಕೆಲಸ ಬೇಡ, ಒಣಗಿಸೋಕೆ ಕಣ ಎಲ್ಲಿದೆ ಹೇಳಿ.

ಬೆಳಗ್ಗೆ 5:30ಕ್ಕೆ ಬಿಡಿ. ಮೊದಲ ಒಂದು ಗಂಟೆ ಕತ್ತಲು, ಹಿಂದಿನ ಕೆಂಪು ಲೈಟು ಹಗಲಲ್ಲೂ ಉರೀತಿರಲಿ. 18ರ ವೇಗದಲ್ಲಿ 60 ಕಿಲೋಮೀಟರಿಗೆ ಮೂರು ಗಂಟೆ ಇಪ್ಪತ್ತು ನಿಮಿಷ. ಭರಮಸಾಗರದಲ್ಲಿ ಇಪ್ಪತ್ತು ನಿಮಿಷ ನಿಂತ್ರೂ 9:10ಕ್ಕೆ ದುರ್ಗ. ಭರಮಸಾಗರ ಅರ್ಧ ದಾರಿ ದಾಟಿದ ಮೇಲೆ ಬರುತ್ತೆ. ನೋವಿದ್ರೆ, ಗಾಡಿ ಹತ್ತೋ ತೀರ್ಮಾನ ಅಲ್ಲೇ ಆಗಲಿ. ದುರ್ಗದಲ್ಲಿ ಕೋಟೆ ಹತ್ತೋ ಆಸೆ ಇನ್ನೊಂದಿನಕ್ಕೆ.

ಹೊಟ್ಟೆಗೆ ಗಂಟೆಗೆ ಎರಡು ಬಾಳೆಹಣ್ಣು, ಇಲ್ಲ ಒಂದು ಬಾಳೆಹಣ್ಣಿನ ಜೊತೆ ಮೂರ್ನಾಲ್ಕು ಖರ್ಜೂರ. ಹಸಿವಾದ ಮೇಲೆ ತಿಂದ್ರೆ ತಡವಾಯ್ತು, ಮೊದಲ ಮುಕ್ಕಾಲು ಗಂಟೆಗೇ ಶುರು ಮಾಡಿ. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಬರೀ ನೀರೇ ಕುಡೀತಾ ಹೋದ್ರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ. ಓಆರ್‌ಎಸ್‌ನ 20.5 ಗ್ರಾಂ ಪೊಟ್ಟಣ ಪೂರ್ತಿ ಒಂದು ಲೀಟರಿಗೆ, 750 ಮಿಲಿಲೀಟರಿನ ಬಾಟಲಿಗೆ ಸುರಿಯಬೇಡಿ. ಉಪ್ಪು ಹಾಕಿದ ಮಜ್ಜಿಗೆಯೂ ಆಗುತ್ತೆ.

ಬೆಣ್ಣೆ ದೋಸೆ ತಿಂದು ಹೊರಡ್ತೀವಿ ಅನ್ನೋರು ಇದ್ದಾರೆ. ಬೆಣ್ಣೆ ಹೊಟ್ಟೆಯಿಂದ ಇಳಿಯೋದು ನಿಧಾನ, ಏರಿನಲ್ಲಿ ಹುಳಿತೇಗು. ಮಧ್ಯಾಹ್ನ ಒಂದೂವರೆ ಹೊತ್ತಿಗೆ ದಾವಣಗೆರೆಗೆ ಬಂದಿರ್ತೀರಲ್ಲ, ಎರಡು ದೋಸೆ ಆಗ ಹೇಳಿ.