ಯಾರಿಗೆ ಕಾಯಲಿಕ್ಕೆ ಆಗುವುದಿಲ್ಲ?

ಕೇಳುಗರಿಗೆಲ್ಲ ನಮಸ್ಕಾರ. ಬೀಡಿ ಕಟ್ಟುತ್ತಾ ಕೇಳುತ್ತಿರುವ ಅಕ್ಕಂದಿರಿಗೆ, ಪಾರ್ಕಿನಲ್ಲಿ ಬಾಡಿಗೆ ಕಾಯುತ್ತಿರುವ ರಿಕ್ಷಾದವರಿಗೆ, ಅಂಗಡಿಯಲ್ಲಿ ಸಣ್ಣಗೆ ರೇಡಿಯೋ ಇಟ್ಟುಕೊಂಡವರಿಗೆ, ಎಲ್ಲರಿಗೂ. ನಾನು 22 ವರ್ಷಗಳಿಂದ ಮಂಗಳೂರಿನಲ್ಲಿ ತುರ್ತು ಚಿಕಿತ್ಸೆಯ ಡಾಕ್ಟರ್. ಕ್ಯಾಶುವಾಲ್ಟಿ ಅಂತ ಹೇಳ್ತೀರಲ್ಲ, ಅಲ್ಲಿ.

ಮದುವೆ ಮನೆಗೆ ಹೋದರೂ ನನಗೆ ಒಂದೇ ಪ್ರಶ್ನೆ. “ಡಾಕ್ಟ್ರೇ, ಒಂದು ಸಣ್ಣ ಮಗು, ಒಬ್ಬರು 80 ವರ್ಷದ ಅಜ್ಜ, ಇಬ್ಬರೂ ಒಟ್ಟಿಗೆ ಬಂದರೆ ಯಾರನ್ನು ಉಳಿಸ್ತೀರಿ? ಯಾರ ಜೀವಕ್ಕೆ ಬೆಲೆ ಜಾಸ್ತಿ?”

ಆ ಲೆಕ್ಕ ನಾವು ಹಾಕುವುದೇ ಇಲ್ಲ. ನಾವು ನೋಡುವುದು ಒಂದೇ. ಯಾರಿಗೆ ಕಾಯಲಿಕ್ಕೆ ಆಗುವುದಿಲ್ಲ? ಅಜ್ಜನಿಗೆ ಉಸಿರು ಕಟ್ಟುತ್ತಾ ಉಂಟು, ಮಗುವಿಗೆ ಕೈ ಮುರಿದಿದೆ ಅಂದರೆ ಅಜ್ಜ ಮೊದಲು. ಮಗುವಿನ ಅಮ್ಮ ಎಷ್ಟೇ ಅತ್ತರೂ ಅಜ್ಜನೇ ಮೊದಲು.

ಇದಕ್ಕೆ ಟ್ರಯಾಜ್ ಅಂತ ಹೆಸರು. ಫ್ರೆಂಚ್ ಭಾಷೆಯಲ್ಲಿ ವಿಂಗಡಿಸುವುದು ಅಂತ ಅರ್ಥ. ನೆಪೋಲಿಯನ್ನನ ಸೈನ್ಯದಲ್ಲಿ ಡೊಮಿನಿಕ್ ಲಾರೆ ಅಂತ ಒಬ್ಬ ಸರ್ಜನ್ ಇದ್ದ. ಗಾಯ ಯಾರದ್ದು ದೊಡ್ಡದೋ ಅವನು ಮೊದಲು, ಆಫೀಸರ್ ಆದರೂ ಸರಿ, ಸಿಪಾಯಿ ಆದರೂ ಸರಿ, ಶತ್ರು ಆದರೂ ಸರಿ ಅಂದ. 200 ವರ್ಷ ಕಳೆದರೂ ನಮಗೆ ಅದೇ ದಾರಿ.

ಇದು ನನಗೆ ಪುಸ್ತಕದಿಂದ ತಲೆಗೆ ಹೋದದ್ದಲ್ಲ. ಒಂದು ರಾತ್ರಿಯ ಕಥೆ ಹೇಳ್ತೇನೆ.

ಆಷಾಢದ ಮಳೆ. ನಾನು ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಹೈವೇಯಲ್ಲಿ ಒಂದು ಬಸ್ಸು ಮಗುಚಿತು. ಅರ್ಧ ಗಂಟೆಯಲ್ಲಿ 14 ಜನ ಬಂದರು. ಇರುವುದು ನಾನೊಬ್ಬ ಡಾಕ್ಟರ್, ಇಬ್ಬರು ಸಿಸ್ಟರ್, ಒಬ್ಬ ವಾರ್ಡ್ ಬಾಯ್. ನೆಲವೆಲ್ಲ ಕೆಸರು, ನೀರು, ಚಪ್ಪಲಿ.

ಒಬ್ಬರಿಗೆ ಹಣೆ ಮೇಲಿನಿಂದ ಹರಿದು ಮುಖ ಪೂರಾ ರಕ್ತ. ಜೋರು ಕೂಗು. ಜೊತೆಗೆ ಏಳೆಂಟು ಜನ. ಅದರಲ್ಲಿ ಒಬ್ಬರು ಯಾರಿಗೋ ಫೋನ್ ಹಚ್ಚಿ ನನ್ನ ಕಿವಿಗೇ ಹಿಡಿದರು, “ಮಾತಾಡಿ ಡಾಕ್ಟ್ರೇ, ನಮ್ಮ ಜನ ಅಂತ ಗೊತ್ತಾಗ್ಲಿ.” ನಾನು ಹುಡುಗ. ಹೆದರಿದೆ. ಸೂಜಿ ಹಿಡಿದು ಅವರಿಗೆ ಹೊಲಿಗೆ ಹಾಕಲು ಕುಳಿತೆ. ಅದು ನನ್ನ ತಪ್ಪು. ನೆತ್ತಿಯ ಚರ್ಮ ಚೂರು ಹರಿದರೂ ರಕ್ತ ಸುರಿಯುತ್ತದೆ. ನೋಡಲಿಕ್ಕೆ ಭಯ ಆಗುತ್ತದೆ. ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದರೆ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಕೂಗುವವನಿಗೆ ಉಸಿರು ಉಂಟು. ಅವನು ಕಾಯಬಲ್ಲ.

ಆಗ ಹಿರಿಯ ಸಿಸ್ಟರ್ ಬಂದು ನನ್ನ ತೋಳು ಹಿಡಿದು ಎಳೆದರು.

“ಸರ್, ಆ ಬೆಂಚಿನಲ್ಲಿರುವವರನ್ನು ಒಮ್ಮೆ ನೋಡಿ.”

“ಎಂತ ಆಗಿದೆಯಂತೆ ಅವರಿಗೆ?”

“ಎಂತದೂ ಹೇಳುವುದಿಲ್ಲ ಸರ್. ಅದಕ್ಕೇ ನೋಡಿ ಅಂದದ್ದು.”

ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ಒಬ್ಬ ಕುಳಿತಿದ್ದ. ಗಾರೆ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಬಂದವನು. ತೊಡೆ ಮೇಲೆ ಸಿಮೆಂಟ್ ಚೀಲ, ಅದರೊಳಗೆ ಕರಣೆ ಮತ್ತು ಊಟದ ಡಬ್ಬಿ. ಮೈಮೇಲೆ ಒಂದು ಗೀರು ಕೂಡ ಇಲ್ಲ. ಬಸ್ಸಿನಿಂದ ತಾನೇ ಇಳಿದು, ನಡೆದೇ ಒಳಗೆ ಬಂದಿದ್ದ. “ನನಗೇನ್ ಆಗಿಲ್ರಿ ಸಾಹೇಬ್ರ. ಅವ್ರನ್ನ ನೋಡ್ರಿ ಮೊದ್ಲ. ಚೂರು ನೀರ್ ಕೊಡ್ರಿ, ಸಾಕು.”

ಹಣೆ ಮುಟ್ಟಿದೆ. ತಣ್ಣಗೆ. ಬೆವರು, ಆ ಮಳೆಯ ಚಳಿಯಲ್ಲಿ. ಉಸಿರು ಎಣಿಸಿದೆ, ನಿಮಿಷಕ್ಕೆ 36. ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟೆ. ಬೆಳ್ಳಗಾಯಿತು. ಒಂದು, ಎರಡು, ಮೂರು, ನಾಲ್ಕು... ಕೆಂಪು ಬರಲೇ ಇಲ್ಲ. ಮಣಿಕಟ್ಟಿನ ನಾಡಿ ದಾರದ ಹಾಗೆ ಸಿಕ್ಕಿತು, ತಪ್ಪಿತು. ಎದುರು ಸೀಟಿನ ಕಂಬಿ ಎಡ ಪಕ್ಕೆಲುಬಿಗೆ ಬಡಿದಿತ್ತು. ಒಳಗೆ ಗುಲ್ಮ, ಅಂದರೆ ಹೊಟ್ಟೆಯ ಎಡಬದಿಯ ಸ್ಪ್ಲೀನ್, ಒಡೆದಿತ್ತು. ಹೊಟ್ಟೆ ತೆರೆದಾಗ ಎರಡು ಲೀಟರಿನಷ್ಟು ರಕ್ತ ಇತ್ತು ಅಂತ ಸರ್ಜನ್ ಆಮೇಲೆ ಹೇಳಿದರು. ಇನ್ನು ಇಪ್ಪತ್ತು ನಿಮಿಷ ನಾನು ಆ ಹೊಲಿಗೆಯಲ್ಲೇ ಕುಳಿತಿದ್ದರೆ ಆ ಮನುಷ್ಯ ಬೆಂಚಿನ ಮೇಲೆಯೇ, ಯಾರಿಗೂ ತೊಂದರೆ ಕೊಡದೆ, ಹೋಗಿಬಿಡುತ್ತಿದ್ದ.

ಅವನು ಉಳಿದ. ಹಣೆ ಹರಿದವರು ಎರಡು ಗಂಟೆ ಕಾದರು, ಏಳು ಹೊಲಿಗೆ ಹಾಕಿಸಿಕೊಂಡರು, ಮನೆಗೆ ಹೋದರು.

ನಾವು ಬಣ್ಣದ ಚೀಟಿ ಕಟ್ಟುತ್ತೇವೆ. ಕೆಂಪು ಅಂದರೆ ಈಗಲೇ. ಹಳದಿ ಅಂದರೆ ಸ್ವಲ್ಪ ಕಾಯಬಹುದು. ಹಸಿರು ಅಂದರೆ ನಡೆದಾಡುವವರು. ಬಸ್ಸಿನಿಂದ ನಡೆದು ಬಂದ ಆ ಗಾರೆಯವನು ಮೊದಲ ನೋಟಕ್ಕೆ ಹಸಿರು ಅಲ್ವಾ? ಅದಕ್ಕೇ ಹೇಳುವುದು, ಒಮ್ಮೆ ನೋಡಿ ಬಿಟ್ಟರೆ ಆಗಲಿಲ್ಲ. ಹಸಿರು ಅರ್ಧ ಗಂಟೆಯಲ್ಲಿ ಕೆಂಪಾಗಬಹುದು. ಮತ್ತೆ ಮತ್ತೆ ಹೋಗಿ ನೋಡಬೇಕು.

ಇನ್ನೊಂದು ಕಪ್ಪು ಚೀಟಿ. ಹತ್ತಾರು ಜನ ಒಟ್ಟಿಗೆ ಬಿದ್ದಿರುವಾಗ, ಉಸಿರಿಲ್ಲದವರ ಗದ್ದ ಎತ್ತಿ ಉಸಿರಿನ ದಾರಿ ಬಿಡಿಸಿ ನೋಡುತ್ತೇವೆ. ಆಮೇಲೂ ಉಸಿರು ಬರದಿದ್ದರೆ ಕಪ್ಪು ಕಟ್ಟಿ ಮುಂದೆ ಹೋಗಬೇಕು. ಬೇರೆ ದಿನ ಒಬ್ಬರೇ ಬಂದಿದ್ದರೆ ಆರು ಜನ ಸೇರಿ ಎದೆ ಒತ್ತುತ್ತಿದ್ದೆವು. ಅವತ್ತು ಆ ಕೈಗಳು ಪಕ್ಕದಲ್ಲಿ ಬದುಕಬಹುದಾದ ಮೂರು ಜನರಿಗೆ ಬೇಕು. ಕಪ್ಪು ಕಟ್ಟಿ ಎದ್ದು ಹೋಗುವಾಗ ಡಾಕ್ಟರ ಕಾಲು ನಡುಗುತ್ತದೆ. ಅದನ್ನು ಕಲ್ಲು ಮನಸ್ಸು ಅಂತ ದಯವಿಟ್ಟು ಹೇಳಬೇಡಿ.

ಮತ್ತೆ ಈ “ನಾವು ಮೊದಲು ಬಂದದ್ದು” ಅನ್ನುವ ಮಾತು. ಇದು ನ್ಯಾಯಬೆಲೆ ಅಂಗಡಿ ಅಲ್ಲ, ಇಲ್ಲಿ ಸಾಲು ಇಲ್ಲ. ಕುಡಿದು ಗಾಡಿ ಓಡಿಸಿ ನಾಲ್ಕು ಜನರಿಗೆ ಗುದ್ದಿದವನನ್ನೂ ನಮ್ಮ ಹತ್ತಿರ ತರುತ್ತಾರೆ. “ಅವನನ್ನು ಮುಟ್ಟಬೇಡಿ” ಅಂತ ಹೊರಗೆ ಗಲಾಟೆ. ಅವನ ತಪ್ಪಿಗೆ ಕೋರ್ಟು ಉಂಟು. ನನ್ನ ಮುಂದೆ ಅವನೂ ಒಂದು ಉಸಿರು, ಒಂದು ನಾಡಿ. ಅವನಿಗೆ ಕಾಯಲಿಕ್ಕೆ ಆಗುವುದಿಲ್ಲ ಅಂದರೆ ಅವನೇ ಮೊದಲು.

ಸಮಯ ಮುಗಿಯುತ್ತಾ ಬಂತು. ನಿಮ್ಮ ಕೆಲಸ ಎಂತ ಅಂತ ಬೇಗ ಹೇಳಿಬಿಡ್ತೇನೆ. 2010ರ ಮೇ 22ರ ಬೆಳಿಗ್ಗೆ ನಮ್ಮ ಬಜ್ಪೆ ವಿಮಾನ ನಿಲ್ದಾಣದ ಪಕ್ಕದ ಕಮರಿಗೆ ವಿಮಾನ ಬಿತ್ತು. ಒಳಗಿದ್ದವರು 166, ತೀರಿಕೊಂಡವರು 158, ಬದುಕಿದವರು 8. ಕೆಂಜಾರಿನ ಆ ಕಮರಿಗೆ ಮೊದಲು ಓಡಿದವರು ಅಲ್ಲಿನ ಊರಿನವರೇ. ನಮ್ಮ ಜನಕ್ಕೆ ಓಡಿ ಬರಲು ಯಾರೂ ಕಲಿಸಬೇಕಾಗಿಲ್ಲ. ಬಂದ ಮೇಲೆ ಯಾರ ಹತ್ತಿರ ಮೊದಲು ಹೋಗಬೇಕು, ಅಷ್ಟು ಗೊತ್ತಿದ್ದರೆ ಸಾಕು. ಸುಮ್ನೆ ಬಿದ್ದಿರುವವನ ಹತ್ತಿರ ಹೋಗಿ. ರಕ್ತ ಸುರಿಯುತ್ತಿದ್ದರೆ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ನೀರು ಕೇಳಿದರೆ ಕೊಡಬೇಡಿ, ಆಪರೇಷನ್ ಬೇಕಾಗಬಹುದು. 108ಕ್ಕೆ ಫೋನ್ ಮಾಡಿ, ಎಷ್ಟು ಜನ ಅಂತ ಮೊದಲೇ ಹೇಳಿ. ಪೊಲೀಸ್ ಕೇಸಿನ ಭಯ ಬೇಡ. ಸಹಾಯ ಮಾಡಿದವರು ಹೆಸರು ಹೇಳಲೇಬೇಕು ಅಂತ ಯಾರೂ ಒತ್ತಾಯ ಮಾಡುವಂತಿಲ್ಲ, ಕಾನೂನೇ ಹಾಗೆ ಉಂಟು. ಆಸ್ಪತ್ರೆಯವರು ಮೊದಲು ಚಿಕಿತ್ಸೆ ಕೊಡಬೇಕು, ಕಾಗದ ಪತ್ರ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಈಗ ನಿಮ್ಮ ಹೆಬ್ಬೆರಳಿನ ಉಗುರು ಒಮ್ಮೆ ಒತ್ತಿ ಬಿಡಿ. ಎರಡು ಎಣಿಸುವುದರೊಳಗೆ ಕೆಂಪು ಬಂತಲ್ಲ? ರಾತ್ರಿ ಊಟ ಆದ ಮೇಲೆ ಮನೆಯವರ ಉಸಿರನ್ನೂ ಎಣಿಸಿ ನೋಡಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ದೊಡ್ಡವರಿಗೆ 12ರಿಂದ 20 ಇರುತ್ತದೆ. ಅವರಿಗೆ ಗೊತ್ತಾಗದ ಹಾಗೆ ಎಣಿಸಿ, ಗೊತ್ತಾದರೆ ಉಸಿರಿನ ಲಯ ತಪ್ಪುತ್ತದೆ. ನಮಸ್ಕಾರ.