ಬರೀ ಎಲೆ ಬಂತು ಅಂತ ತಾವರೆ ಟಬ್ ಖಾಲಿ ಮಾಡಬೇಡಿ

ಎಲ್ಲರಿಗೂ ನಮಸ್ಕಾರ. ಗುಲಾಬಿ, ದಾಸವಾಳದ ಬಗ್ಗೆ ದಾವಣಗೆರೆಯವರಿಗೆ ನಾನು ಹೇಳಬೇಕಾದ್ದು ಏನೂ ಇಲ್ಲ. ನಾನು ಬಂದಿರೋದು ತಾವರೆ ಪರವಾಗಿ. ಮಳೆಗಾಲ ಮುಗಿಯೋ ಹೊತ್ತಿಗೆ ಎಷ್ಟೋ ತಾರಸಿಗಳ ಮೇಲೆ ತಾವರೆ ಟಬ್ ಬೋರಲು ಬಿದ್ದಿರುತ್ತದೆ. ಕೇಳಿದರೆ, "ಬರೀ ಎಲೆ ಬಂತು ಕಣ್ರೀ, ನಮ್ಮ ಬಿಸಿಲಿಗೆ ಅದು ಆಗಲ್ಲ" ಅಂತಾರೆ. ಅದನ್ನ ನೋಡಿದರೆ ಸಂಕಟ ಆಗುತ್ತದೆ.

ನಮ್ಮ ಬಿಸಿಲೇ ಅದಕ್ಕೆ ಬೇಕಾದ್ದು! ದಿನಕ್ಕೆ ಕಡಿಮೆ ಅಂದ್ರೂ ಆರು ಗಂಟೆ ನೇರ ಬಿಸಿಲು ಬೀಳಬೇಕು. ನಮ್ಮ ಎರೆಮಣ್ಣೂ ಅಷ್ಟೇ. ಬೇರೆ ಗಿಡಕ್ಕೆ ನೀರು ನಿಂತು ಬೇರು ಕೊಳೆಯುತ್ತೆ ಅಂತ ಬೈಯ್ತೀವಲ್ಲ, ಅದೇ ಅಂಟು ಮಣ್ಣು ತಾವರೆಗೆ ಸರಿ. ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ, ಹಾಕಿದರೆ ಮೇಲೆ ತೇಲುತ್ತದೆ, ನೀರು ಕೆಡುತ್ತದೆ.

ನಮ್ಮ ಅತ್ತಿಗೆ ವಿಷಯ ಹೇಳ್ತೀನಿ. ಗ್ರಂಧಿಗೆ ಅಂಗಡಿಯಿಂದ ತಾವರೆ ಬೀಜ ತಂದರು. ಒಳಗೆ ನೀರು ಇಳಿಯದಷ್ಟು ಗಟ್ಟಿ ಸಿಪ್ಪೆ. ಒಂದು ತುದಿಯನ್ನು ಸಿಮೆಂಟ್ ಕಟ್ಟೆ ಮೇಲೆ ಉಜ್ಜಿದರು, ಒಳಗಿನ ಕೆನೆ ಬಣ್ಣ ಕಂಡ ಕೂಡಲೇ ನಿಲ್ಲಿಸಿದರು. ಲೋಟದ ನೀರಲ್ಲಿ ಹಾಕಿ ದಿನಾ ನೀರು ಬದಲಿಸಿದರು. ವಾರದಲ್ಲಿ ಹಸಿರು ಮೊಳಕೆ! ಜಪಾನಿನಲ್ಲಿ ಇಚಿರೊ ಓಗಾ ಅನ್ನೋ ಸಸ್ಯ ವಿಜ್ಞಾನಿಗೆ 1951ರಲ್ಲಿ ಮಣ್ಣಿನ ಆಳದಲ್ಲಿ ತಾವರೆ ಬೀಜ ಸಿಕ್ಕವು. ಸುಮಾರು 2,000 ವರ್ಷ ಹಳೆಯವು ಅಂತ ಅಂದಾಜು. ಅದರಲ್ಲೊಂದು ಮೊಳೆತು, 1952ರಲ್ಲಿ ಹೂ ಬಿಟ್ಟಿತು. ಬೀಜ ಅಷ್ಟು ಕಾದಿದೆ, ನಾವು ಇನ್ನೊಂದು ಬೇಸಿಗೆ ಕಾಯಬಾರದಾ?

ಆದರೆ ಅತ್ತಿಗೆ ಮನೆಯಲ್ಲಿ ಆ ಟಬ್ಬಿಗೆ ನೆಮ್ಮದಿಯೇ ಇರಲಿಲ್ಲ. ಹಬ್ಬ ಅಂತ ಒಂದು ಸಲ ಸರಿಸಿದರು, ಸುಣ್ಣ ಬಣ್ಣ ಅಂತ ಇನ್ನೊಂದು ಸಲ, ಏಪ್ರಿಲ್ ಬಂದಾಗ "ಪಾಪ, ಬಾಡುತ್ತೆ" ಅಂತ ನೆರಳಿಗೆ ಎಳೆದರು, ಅಷ್ಟರಲ್ಲಿ ಅಣ್ಣ ಸೊಳ್ಳೆ ಅಂತ ಶುರು ಮಾಡಿದರು. ಗಪ್ಪಿ ಮೀನು ಬಿಟ್ಟ ಮೇಲೆ ಸೊಳ್ಳೆ ಮಾತು ನಿಂತಿತು. ಹೂ ಮಾತ್ರ ಇಲ್ಲ. ಟಬ್ಬನ್ನು ಬಿಸಿಲಲ್ಲಿಟ್ಟು ಮುಟ್ಟಲೇಬೇಡಿ ಅಂತ ಜಗಳ ಆಡಿ ಒಪ್ಪಿಸಿದೆ.

ಮೊದಲು ಬರೋದು ನೀರಿನ ಮೇಲೆ ಮಲಗುವ ಎಲೆ. ಹೆಚ್ಚಿನವರು ಇದನ್ನ ನೋಡಿಯೇ ಹೂವಿಗೆ ಕಾಯ್ತಾರೆ. ಆಮೇಲೆ ದಂಟು ಗಟ್ಟಿಯಾಗಿ, ಎಲೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ. ಮೊಗ್ಗು ಬರೋದು ಆ ನಿಂತ ಎಲೆ ಬಂದ ಮೇಲೆ. ಮುಂದಿನ ಬೇಸಿಗೆಯಲ್ಲಿ ಅತ್ತಿಗೆ ಟಬ್ಬಿನಲ್ಲಿ ನಿಂತ ಎಲೆಯ ಬುಡದ ಪಕ್ಕ ಹಸಿರು ಮೊನೆ ಕಾಣಿಸಿತು. ಎಲೆ ಆಗಿದ್ದರೆ ಎರಡೂ ಅಂಚು ಸುರುಳಿ ಸುತ್ತಿಕೊಂಡಿರುತ್ತದೆ, ಇದು ಗುಂಡಗೆ ಉಬ್ಬಿತ್ತು. ಅತ್ತಿಗೆ ಫೋನ್ ಮಾಡಿ ಕೂಗಿದ್ದು ಬೀದಿಗೆಲ್ಲ ಕೇಳಿಸಿರಬೇಕು.

ಹೂವು ಮೂರ್ನಾಲ್ಕು ದಿನ ಇರುತ್ತೆ, ಬೆಳಿಗ್ಗೆ ಅರಳಿ ಮಧ್ಯಾಹ್ನದ ಮೇಲೆ ಮುಚ್ಚಿಕೊಳ್ಳುತ್ತೆ. ಆದ್ದರಿಂದ ಬೆಳಿಗ್ಗೆನೇ ಹೋಗಿ ನೋಡಬೇಕು. ಆ ಹೂವು ತನ್ನೊಳಗೆ ತಾನೇ ಬಿಸಿ ಹುಟ್ಟಿಸಿಕೊಳ್ಳುತ್ತೆ, ಅದರ ಬಗ್ಗೆ ಹೇಳ್ತಾ ಹೋದರೆ ಇನ್ನೊಂದು ಗಂಟೆ ಬೇಕು.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಬೇಗ ಹೇಳ್ತೀನಿ. ತೂತಿಲ್ಲದ, ದುಂಡಗಿನ, ಅಗಲ ಟಬ್ ತಗೊಳ್ಳಿ. ಮೂಲೆ ಇದ್ದರೆ ಮಣ್ಣೊಳಗಿನ ಗೆಡ್ಡೆಯ ಬೆಳೆಯೋ ತುದಿ ಅಲ್ಲಿ ಸಿಕ್ಕಿಕೊಳ್ಳುತ್ತೆ. ನಿಂತ ಎಲೆ ಬರೋ ತನಕ ಗೊಬ್ಬರ ಬೇಡ. ಆಮೇಲೂ ಮಣ್ಣಲ್ಲಿ ಹೂತಿಡಿ, ನೀರಿಗೆ ಹಾಕಿದರೆ ಪಾಚಿ ಕಟ್ಟುತ್ತೆ. ಗಿಡಕ್ಕೆ ಹತ್ತೋ ಸಸ್ಯಹೇನಿನ ವಿಷಯ ಇತ್ತು, ಬಿಡಿ, ಆಮೇಲೆ ಕೇಳಿ. ಟಬ್ ಮಾತ್ರ ಸರಿಸಬೇಡಿ, ದಯವಿಟ್ಟು!

ಹಿಂದಿನ ಟೇಬಲ್ ಮೇಲೆ ಅತ್ತಿಗೆ ಟಬ್ಬಿನ ಗೆಡ್ಡೆಗಳಿವೆ, ಒದ್ದೆ ಪೇಪರಿನಲ್ಲಿ ಸುತ್ತಿಟ್ಟಿದ್ದೇನೆ. ಬೇಕಾದವರು ಒಂದೊಂದು ತಗೊಂಡು ಹೋಗಿ. ಚೂಪು ತುದಿ ಮುರಿಯದ ಹಾಗೆ ಹಿಡೀರಿ, ಚಿಗುರೋದು ಅಲ್ಲಿಂದಲೇ.