ತಂದೆಯ ತೋಟ, ಮಗನ ಸಾಲ

ಕೇಳುಗರಿಗೆ ನಮಸ್ಕಾರ. ನಮ್ಮ ಕಾಸರಗೋಡಿನಲ್ಲಿ ಮಾರಾಟಕ್ಕೆ ಬರುವ ಅಡಿಕೆ ತೋಟದ ಆಧಾರ, ಅಂದರೆ ಒಡೆತನದ ಪತ್ರ, ಎಷ್ಟೋ ಬಾರಿ ತೀರಿಹೋದ ತಂದೆಯ ಹೆಸರಿನಲ್ಲಿರುತ್ತದೆ. ಹಕ್ಕು ಮಾತ್ರ ಊರಿನಲ್ಲೊಬ್ಬ, ಮಂಗಳೂರಿನಲ್ಲೊಬ್ಬ, ಗಲ್ಫಿನಲ್ಲೊಬ್ಬ ಎಂಬಂತೆ ಚದುರಿದ ಮಕ್ಕಳದು. ಕೊಳ್ಳುವವರು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರಗಳನ್ನು ತೋರಿಸುವ ಬಾಧ್ಯತಾ ಪ್ರಮಾಣಪತ್ರ ತರಿಸಿ, ಅದರಲ್ಲಿ ಏನೂ ಕಾಣದಿದ್ದರೆ ನಿಶ್ಚಿಂತರಾಗುತ್ತಾರೆ. ಅಷ್ಟು ಸಾಲದು. ಮೂಲ ದಸ್ತಾವೇಜನ್ನು ಬ್ಯಾಂಕಿನಲ್ಲಿ ಇರಿಸಿ ಪಡೆದ ಸಾಲಕ್ಕೆ ನೋಂದಣಿ ಕಡ್ಡಾಯವಲ್ಲವಾದ್ದರಿಂದ ಅದು ಆ ಪತ್ರದಲ್ಲಿ ಕಾಣದೆ ಹೋಗಬಹುದು. ‘ಮೂಲ ಆಧಾರ ಎಲ್ಲೋ ಕಳೆದುಹೋಗಿದೆ’ ಎಂಬ ಮಾತು ಬಂದಲ್ಲಿ ಮುಂಗಡ ಕೊಡುವ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಲೇಸು.

ಸಾಲ ಯಾರದೆಂದು ಮೊದಲು ಬೇರ್ಪಡಿಸಬೇಕು. ತಂದೆಯೇ ತೋಟವನ್ನು ಅಡವಿಟ್ಟಿದ್ದರೆ ಭಾರ ಇಡೀ ಆಸ್ತಿಯ ಮೇಲಿದೆ. ಮಗನೊಬ್ಬನ ವ್ಯಾಪಾರದ ಸಾಲಕ್ಕಾಗಿ ನ್ಯಾಯಾಲಯ ಜಪ್ತಿ ಮಾಡಿದ್ದರೆ ಅದು ಅವನ ಪಾಲನ್ನಷ್ಟೇ ಹಿಡಿಯುತ್ತದೆ. ಆದರೆ ಪಾಲಾಗದ ನೆಲದಲ್ಲಿ ಅವನ ಪಾಲು ಯಾವ ಮಗ್ಗುಲಲ್ಲಿದೆ ಎಂದು ತೋರಿಸಲಾಗದ ಕಾರಣ, ತೋಟ ಕೊಂಡವರ ಕಾಲಿಗೆ ಅದು ತೊಡರಿಕೊಳ್ಳುತ್ತದೆ. ಜಪ್ತಿಯ ಬಳಿಕ ಅವನು ಮಾಡಿದ ಮಾರಾಟ, ಸಿವಿಲ್ ಪ್ರಕ್ರಿಯಾ ಸಂಹಿತೆಯ 64ನೆಯ ಕಲಮಿನಂತೆ, ಡಿಕ್ರಿದಾರನ, ಅಂದರೆ ಸಾಲ ವಸೂಲಿಗೆ ನ್ಯಾಯಾಲಯದಿಂದ ಡಿಕ್ರಿ ಎಂಬ ತೀರ್ಪು ಪಡೆದವನ, ಎದುರು ನಿಲ್ಲುವುದಿಲ್ಲ. ಆದುದರಿಂದ ತಂದೆಯ ಹೆಸರಿನಲ್ಲಿ ಮಾತ್ರವಲ್ಲ, ಪ್ರತಿಯೊಬ್ಬ ವಾರಸುದಾರರ ಹೆಸರಿನಲ್ಲೂ ಸಾಲ, ಜಪ್ತಿ ಇದೆಯೇ ಎಂದು ಹುಡುಕಿಸಬೇಕು. ಸರಕಾರಿ ಬಾಕಿಯ ವಸೂಲಿಗೆಂದು ಇರುವ 1968ರ ಕೇರಳ ಕಂದಾಯ ವಸೂಲಿ ಕಾಯಿದೆಯ ನೋಟೀಸು ಇದೆಯೇ ಎಂದು ಗ್ರಾಮ ಕಚೇರಿಯಲ್ಲೂ ವಿಚಾರಿಸಬೇಕು.

ನಾಲ್ವರು ಮಕ್ಕಳು ಸಮಪಾಲಿನ ತೋಟವನ್ನು 40 ಲಕ್ಷಕ್ಕೆ ಮಾರುತ್ತಾರೆ, ಒಬ್ಬನ ಮೇಲೆ 3 ಲಕ್ಷದ ಡಿಕ್ರಿ ಇದೆ ಎಂದಿಟ್ಟುಕೊಳ್ಳೋಣ. ಆ 3 ಲಕ್ಷ ಅವನ 10 ಲಕ್ಷದಿಂದಲೇ ಹೋಗಬೇಕು, ಅದೂ ಅವನ ಕೈ ಸೇರದೆ ನೇರವಾಗಿ ನ್ಯಾಯಾಲಯಕ್ಕೆ. ಡಿಕ್ರಿದಾರನಿಗೆ ಹೊರಗೆ ಕೊಟ್ಟ ಹಣವನ್ನು ನ್ಯಾಯಾಲಯದಲ್ಲಿ ದಾಖಲಿಸದಿದ್ದರೆ, ಡಿಕ್ರಿ ಜಾರಿಮಾಡುವ ನ್ಯಾಯಾಲಯ ಅದನ್ನು ಪರಿಗಣಿಸುವುದಿಲ್ಲ. ಜಪ್ತಿ ತೆರವಿನ ಆದೇಶ ಕೈಗೆ ಬಂದ ಮೇಲೆಯೇ ಕ್ರಯಪತ್ರ ನೋಂದಣಿಯಾಗಲಿ.

‘ಅವನ ಪಾಲು ಬಿಡಿ, ನಮ್ಮ ಮೂರನ್ನು ಕೊಳ್ಳಿ’ ಎಂದು ಉಳಿದವರು ಆತುರಪಡಿಸಬಹುದು. ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿಲ್ಲದಿದ್ದರೂ ನನಗದು ಒಪ್ಪಿಗೆಯಿಲ್ಲ. ನಾಳೆ ಆ ನಾಲ್ಕನೆಯ ಪಾಲು ಹರಾಜಾದರೆ ಅದನ್ನು ಹಿಡಿದವನೊಡನೆ ನೀವು ವಿಭಾಗದ ದಾವೆ ಹೂಡಬೇಕಾದೀತು. ತೋಟದೊಳಗೆ ತರವಾಡಿನ, ಅಂದರೆ ಅವಿಭಕ್ತ ಕುಟುಂಬದ, ಮನೆಯಿದ್ದರಂತೂ, 1882ರ ಆಸ್ತಿ ವರ್ಗಾವಣೆ ಕಾಯಿದೆಯ 44ನೆಯ ಕಲಮು ಹೊರಗಿನಿಂದ ಬಂದ ನಿಮಗೆ ಅಲ್ಲಿ ಜಂಟಿ ಸ್ವಾಧೀನದ ಹಕ್ಕನ್ನು ಕೊಡುವುದಿಲ್ಲ.